ಭಾನುವಾರದ ರೈಲು: ‘ವಂಶವೃಕ್ಷ’ದಲ್ಲಿ ಇಲ್ಲದ ದಾರಿ

ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ (1965) ಕಾದಂಬರಿಯನ್ನು ನಾವು ಸಾಮಾನ್ಯವಾಗಿ ಸಂಪ್ರದಾಯ ಮತ್ತು ಆಧುನಿಕತೆಯ ಸಂಘರ್ಷದ ಕಥೆಯೆಂದು ಓದುತ್ತೇವೆ. ತರಗತಿಯಲ್ಲಿ ಪಾಠ ನಡೆಯುವುದೂ ಹಾಗೆಯೇ, ಪರೀಕ್ಷೆಯಲ್ಲಿ ಪ್ರಶ್ನೆ ಬರುವುದೂ ಹಾಗೆಯೇ. ಒಂದು ಕಡೆ ಶ್ರೀನಿವಾಸ ಶ್ರೋತ್ರಿಗಳ ಧರ್ಮ, ಇನ್ನೊಂದು ಕಡೆ ಸೊಸೆ ಕಾತ್ಯಾಯನಿಯ ಬದುಕುವ ಆಸೆ. ಕಾದಂಬರಿ ಯಾರ ಪರವಾಗಿದೆ ಎಂದು ಚರ್ಚಿಸಿ ನಾವು ಏಳುತ್ತೇವೆ. ಈ ಚರ್ಚೆ ಸುಳ್ಳಲ್ಲ. ಆದರೆ ಇದರ ಗದ್ದಲದಲ್ಲಿ ಕಾದಂಬರಿಯ ನಡುವೆಯೇ ಕೂತಿರುವ ಇನ್ನೊಂದು ಪ್ರಶ್ನೆ ಕೇಳಿಸದೆ ಹೋಗುತ್ತದೆ. ಅದು ಹೀಗಿದೆ: ಮಗು ಯಾರ ಬಳಿ ಇರಬೇಕು? ಒಮ್ಮೆ ಹಾಗೆ ತೀರ್ಮಾನವಾದ ಮೇಲೆ ಅದನ್ನು ಬದಲಾಯಿಸಲು ಸಾಧ್ಯವೇ?

ನ್ಯಾಯಾಲಯದ ಭಾಷೆಯಲ್ಲಿ ಇದಕ್ಕೆ ಮಗುವಿನ ಸುಪರ್ದು ಎನ್ನುತ್ತಾರೆ, ಪತ್ರಿಕೆಗಳಲ್ಲಿ ಕಸ್ಟಡಿ ಎನ್ನುತ್ತಾರೆ. ಎರಡೂ ವಿಚಿತ್ರವಾದ ಪದಗಳು. ಜಪ್ತಿಯಾದ ವಾಹನವೂ ಯಾರದೋ ಸುಪರ್ದಿನಲ್ಲಿರುತ್ತದೆ, ಆರೋಪಿಯೂ ಕಸ್ಟಡಿಯಲ್ಲಿರುತ್ತಾನೆ. ಮಗುವನ್ನು ಕುರಿತು ಮಾತಾಡಲು ನಮ್ಮ ಬಳಿ ಇರುವುದು ವಸ್ತು ಮತ್ತು ಕೈದಿಯ ಪದಗಳೇ. ಕಾನೂನು ನಿಧಾನವಾಗಿ ಈ ಪದಗಳ ಅರ್ಥದಿಂದ ಹೊರಬರಲು ಯತ್ನಿಸಿದೆ. ನಮ್ಮ ಕಥನ ಹೊರಬಂದಿದೆಯೇ ಎನ್ನುವುದು ಈ ಬರಹದ ಪ್ರಶ್ನೆ.

ಕಥೆಯನ್ನು ಚುಟುಕಾಗಿ ನೆನಪಿಸಿಕೊಳ್ಳೋಣ. ನಂಜನಗೂಡಿನ ಶ್ರೋತ್ರಿಗಳ ಒಬ್ಬನೇ ಮಗ ಹೊಳೆಯ ಪಾಲಾಗುತ್ತಾನೆ. ಸೊಸೆ ಕಾತ್ಯಾಯನಿ ಎಳೆಯ ವಯಸ್ಸಿನಲ್ಲೇ ವಿಧವೆಯಾಗುತ್ತಾಳೆ, ಕೈಯಲ್ಲಿ ಕೂಸು. ಓದು ಮುಂದುವರಿಸುತ್ತೇನೆಂದು ಅವಳು ಕೇಳಿದಾಗ ಮಾವ ಒಪ್ಪುತ್ತಾರೆ. ಅವಳು ನಂಜನಗೂಡಿನಿಂದ ಮೈಸೂರಿಗೆ ರೈಲಿನಲ್ಲಿ ಹೋಗಿಬರುತ್ತ ಕಾಲೇಜು ಓದುತ್ತಾಳೆ. ಅಲ್ಲಿ ಅಧ್ಯಾಪಕ ರಾಜನ ಪರಿಚಯ ಪ್ರೀತಿಯಾಗುತ್ತದೆ, ಮದುವೆಯಾಗುತ್ತದೆ. ಮಗ ನಂಜನಗೂಡಿನ ಮನೆಯಲ್ಲಿ ಅಜ್ಜ ಅಜ್ಜಿಯರ ಬಳಿ ಉಳಿಯುತ್ತಾನೆ. ಅವನನ್ನು ಕೇಳಲು ಬಂದ ತಾಯಿಯನ್ನು ಶ್ರೋತ್ರಿಗಳು ಅಟ್ಟುವುದಿಲ್ಲ. ತಮ್ಮ ನಂಬಿಕೆಯನ್ನು ಅವಳ ಮುಂದಿಟ್ಟು, ತೀರ್ಮಾನವನ್ನು ಅವಳಿಗೇ ಬಿಡುತ್ತಾರೆ. ಅವಳು ಬರಿಗೈಯಲ್ಲಿ ಹಿಂದಿರುಗುತ್ತಾಳೆ.

ಈ ಸನ್ನಿವೇಶವನ್ನು ಶ್ರೋತ್ರಿಗಳ ಔದಾರ್ಯಕ್ಕೆ ಸಾಕ್ಷಿಯಾಗಿ ಓದುವುದುಂಟು. ನನಗೆ ಅದು ಅಷ್ಟು ಸರಳವಾಗಿ ಕಾಣುವುದಿಲ್ಲ. ತೀರ್ಮಾನವನ್ನು ಅವಳಿಗೇ ಬಿಟ್ಟುಕೊಡುವುದರಲ್ಲಿ ಔದಾರ್ಯ ಇದೆ, ನಿಜ. ಜೊತೆಗೆ ಒಂದು ಗೆಲುವೂ ಇದೆ. ಮಾವ ಕೊಡುವುದಿಲ್ಲವೆಂದು ಹೇಳಿದ್ದರೆ ಕಾತ್ಯಾಯನಿಗೆ ಸಿಟ್ಟು ಮಾಡಿಕೊಳ್ಳುವ, ಮತ್ತೆ ಕೇಳುವ, ಹತ್ತು ಜನರ ಮುಂದೆ ನ್ಯಾಯ ಇಡುವ ದಾರಿ ಉಳಿಯುತ್ತಿತ್ತು. ಅವರು ಹಾಗೆ ಹೇಳದೆ ಇರುವುದರಿಂದ ಮಗನನ್ನು ಬಿಟ್ಟವಳು ಅವಳೇ ಆಗುತ್ತಾಳೆ. ಅಂದಿನ ತೀರ್ಮಾನಕ್ಕೆ ಮೇಲ್ಮನವಿ ಇಲ್ಲ, ಏಕೆಂದರೆ ತೀರ್ಪು ಕೊಟ್ಟವಳೂ ಸೋತವಳೂ ಒಬ್ಬಳೇ.

ನನ್ನನ್ನು ಹೆಚ್ಚು ಕಾಡುವುದು ಅದಕ್ಕಿಂತ ಸಣ್ಣ ಸಂಗತಿ. ನಂಜನಗೂಡಿನಿಂದ ಮೈಸೂರಿಗೆ ಸುಮಾರು 25 ಕಿಲೋಮೀಟರ್. ವಿದ್ಯಾರ್ಥಿನಿಯಾಗಿ ಕಾತ್ಯಾಯನಿ ದಿನವೂ ಓಡಾಡಿದ ದಾರಿ ಅದು. ಬೆಳಿಗ್ಗೆ ಹೋಗಿ ಸಂಜೆ ಬರುವಷ್ಟು ಹತ್ತಿರ. ಅದೇ ರೈಲು ಭಾನುವಾರವೊಂದು ದಿನ ತಾಯಿಯನ್ನು ಮಗನ ಬಳಿಗೆ ಕರೆತರಬಹುದಿತ್ತಲ್ಲವೇ? ದಸರೆಗೆ ಮಗನನ್ನು ಅಜ್ಜನೇ ಮೈಸೂರಿಗೆ ಕರೆತಂದು ಎರಡು ದಿನ ತಾಯಿಯ ಬಳಿ ಬಿಡಬಹುದಿತ್ತಲ್ಲವೇ? ಇಡೀ ಕಾದಂಬರಿಯ ದುರಂತ ನಿಂತಿರುವುದು ಈ ಮಧ್ಯದ ದಾರಿ ಯಾರಿಗೂ ಹೊಳೆಯದೆ ಹೋದುದರ ಮೇಲೆ. ಮಗ ಪೂರ್ತಿ ಅಲ್ಲಿರಬೇಕು, ಇಲ್ಲವೇ ಪೂರ್ತಿ ಇಲ್ಲಿರಬೇಕು. ಹೋದವಳು ಹೋದಂತೆ, ಉಳಿದವನು ಉಳಿದಂತೆ.

ಆ ಕಾಲದಲ್ಲಿ ಮರುಮದುವೆಯಾದ ವಿಧವೆ ಮೊದಲ ಗಂಡನ ಮನೆಯ ಹೊಸಿಲು ತುಳಿಯುವುದು ಆಗುತ್ತಿತ್ತೇ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಬ್ರಿಟಿಷ್ ಆಡಳಿತದ ಪ್ರಾಂತ್ಯಗಳಿಗಾಗಿ 1856ರಲ್ಲಿ ಬಂದ ವಿಧವಾ ಪುನರ್ವಿವಾಹ ಕಾಯ್ದೆಯೇ ಈ ವಿಷಯದಲ್ಲಿ ಎಚ್ಚರದಿಂದ ಹೆಜ್ಜೆ ಇಟ್ಟಿತ್ತು. ಮದುವೆಗೆ ಅದು ಅನುಮತಿ ಕೊಟ್ಟಿತು. ಆದರೆ ತೀರಿಹೋದ ಗಂಡ ಉಯಿಲಿನಲ್ಲಿ ಯಾರನ್ನೂ ಪಾಲಕರಾಗಿ ಹೆಸರಿಸದೆ ಇದ್ದರೆ, ಅವನ ತಂದೆತಾಯಿ ಅಥವಾ ಗಂಡು ಸಂಬಂಧಿಕರು ಮಕ್ಕಳಿಗೆ ಬೇರೆ ಪಾಲಕರನ್ನು ನೇಮಿಸುವಂತೆ ನ್ಯಾಯಾಲಯವನ್ನು ಕೇಳಬಹುದೆಂದು ಮೂರನೆಯ ಕಲಮಿನಲ್ಲಿ ಬರೆಯಿತು. ಅಂದರೆ ಸುಧಾರಣೆಯ ಕಾಯ್ದೆಯೇ ಹೆಣ್ಣಿನ ಎರಡನೆಯ ಮದುವೆ ಮತ್ತು ಅವಳ ಮೊದಲ ಮಗುವನ್ನು ತಕ್ಕಡಿಯ ಎರಡು ತಟ್ಟೆಗಳಲ್ಲಿ ಇಟ್ಟಿತ್ತು. ಕಾತ್ಯಾಯನಿ ಇದ್ದದ್ದು ಮೈಸೂರು ಸಂಸ್ಥಾನದಲ್ಲಿ. ಅವಳ ಕಥೆಯಲ್ಲಿ ಯಾವ ಕೋರ್ಟೂ ಬರುವುದಿಲ್ಲ. ಆದರೂ ಅವಳ ಸುತ್ತಲಿನ ಗಾಳಿಯಲ್ಲಿ ಇದ್ದದ್ದು ಇದೇ ಯೋಚನೆ.

ಆದರೆ ಕಾಲದ ಮೇಲೆ ಎಲ್ಲವನ್ನೂ ಹೊರಿಸುವುದೂ ಸರಿಯಲ್ಲ. ಶ್ರೋತ್ರಿಗಳು ಕಾಲದ ಮಾತನ್ನು ಮೀರಬಲ್ಲ ಮನುಷ್ಯರೆಂದು ಕಾದಂಬರಿಯೇ ನಮಗೆ ತೋರಿಸುತ್ತದೆ. ವಿಧವೆ ಸೊಸೆಯನ್ನು ದಿನವೂ ರೈಲು ಹತ್ತಿಸಿದವರು ಅವರು. ಹೋಗುವ ರೈಲನ್ನು ಒಪ್ಪಿದ ಮನಸ್ಸಿಗೆ ಬರುವ ರೈಲು ಏಕೆ ಹೊಳೆಯಲಿಲ್ಲ? ಉತ್ತರ ಅವರ ಗುಣದಲ್ಲಿಲ್ಲ, ಅವರು ಕೇಳಿಕೊಂಡ ಪ್ರಶ್ನೆಯಲ್ಲಿದೆ. ಮಗು ವಂಶಕ್ಕೆ ಸೇರಿದ್ದು ಎನ್ನುತ್ತಾರೆ ಶ್ರೋತ್ರಿಗಳು. ಹೆತ್ತವಳಿಗೆ ಸೇರಿದ್ದು ಎನ್ನುವುದು ಕಾತ್ಯಾಯನಿಯ ಒಳಗಿನ ಕೂಗು. ಇಬ್ಬರ ವಾದ ಬೇರೆ, ವ್ಯಾಕರಣ ಒಂದೇ. ಮಗು ಯಾರದು ಎಂಬುದೇ ಪ್ರಶ್ನೆಯಾದಾಗ ಉತ್ತರ ಒಂದೇ ಹೆಸರಾಗಿರಬೇಕಾಗುತ್ತದೆ. ಮಗುವಿನ ದಿನಗಳು ಹೇಗಿವೆ ಎಂಬುದು ಪ್ರಶ್ನೆಯಾಗಿದ್ದರೆ ಉತ್ತರದಲ್ಲಿ ಸೋಮವಾರವೂ ಇರುತ್ತಿತ್ತು, ಭಾನುವಾರವೂ ಇರುತ್ತಿತ್ತು.

ಭಾರತದ ಕಾನೂನು ಕಳೆದ ಕೆಲವು ದಶಕಗಳಲ್ಲಿ ನಡೆದುಬಂದಿರುವುದು ಮೊದಲನೆಯ ಪ್ರಶ್ನೆಯಿಂದ ಎರಡನೆಯದರ ಕಡೆಗೆ. ‘ವಂಶವೃಕ್ಷ’ ಪ್ರಕಟವಾಗುವ ಒಂಬತ್ತು ವರ್ಷ ಮೊದಲು, 1956ರಲ್ಲಿ ಬಂದ ಹಿಂದೂ ಅಪ್ರಾಪ್ತವಯಸ್ಕರ ಪಾಲಕತ್ವ ಕಾಯ್ದೆ ಮಗುವಿನ ಹಿತವೇ ಎಲ್ಲಕ್ಕಿಂತ ಮುಖ್ಯ ಎಂದಿತು. ಅದೇ ಕಾಯ್ದೆ ಸಹಜ ಪಾಲಕ ತಂದೆ, ಅವನ ನಂತರ ತಾಯಿ ಎಂದೂ ಬರೆಯಿತು. ಈ ‘ನಂತರ’ ಎಂಬ ಪದವನ್ನು ಪ್ರಶ್ನಿಸಿದವರಲ್ಲಿ ಒಬ್ಬರು ಕಾದಂಬರಿಕಾರ್ತಿ ಗೀತಾ ಹರಿಹರನ್. ಮಗನ ಹೆಸರಿನಲ್ಲಿ ಬಾಂಡ್ ಕೊಳ್ಳಲು ಅರ್ಜಿ ಹಾಕಿದಾಗ ತಾಯಿಯ ಸಹಿ ಸಾಲದು ಎಂಬ ಮಾತು ಬಂದು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 1999ರ ತೀರ್ಪಿನಲ್ಲಿ ನ್ಯಾಯಾಲಯ ‘ನಂತರ’ ಎಂದರೆ ತಂದೆ ಸತ್ತ ನಂತರ ಎಂದಷ್ಟೇ ಅಲ್ಲ, ತಂದೆ ಇಲ್ಲದಿರುವಾಗ ಅಥವಾ ಮಗುವಿನ ಹೊಣೆ ಹೊರದಿರುವಾಗ ಎಂದೂ ಓದಬೇಕು ಎಂದಿತು. ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಮಾಡುವ ಕೆಲಸವನ್ನೇ ಅಲ್ಲಿ ನ್ಯಾಯಮೂರ್ತಿಗಳು ಮಾಡಿದರು. ಒಂದು ಪದದ ಅರ್ಥವನ್ನು ಹಿಗ್ಗಿಸಿದರು, ಅಷ್ಟರಿಂದಲೇ ಬದುಕಿರುವ ತಾಯಂದಿರ ಸಹಿಗೆ ಬೆಲೆ ಬಂತು.

ನನ್ನ ಓದಿಗೆ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದು ತತ್ವ. ಸುಪರ್ದಿನ ಆದೇಶ ಎಂದೂ ಅಂತಿಮವಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 26ನೆಯ ಕಲಮಿನ ಪ್ರಕಾರ ವಿಚ್ಛೇದನದ ತೀರ್ಪು ಬಂದ ಮೇಲೂ ಮಗುವಿನ ಪಾಲನೆ, ಖರ್ಚು, ಓದಿನ ಬಗ್ಗೆ ನ್ಯಾಯಾಲಯ ಕಾಲಕಾಲಕ್ಕೆ ಆದೇಶ ಮಾಡಬಹುದು. ಮೊದಲಿನದನ್ನು ರದ್ದು ಮಾಡಬಹುದು, ತಡೆಹಿಡಿಯಬಹುದು, ಬದಲಾಯಿಸಬಹುದು. ಮಕ್ಕಳು ತಂದೆತಾಯಿಯರ ಸೊತ್ತೂ ಅಲ್ಲ, ಆಟಿಕೆಯೂ ಅಲ್ಲ ಎಂದು ಸುಪ್ರೀಂ ಕೋರ್ಟ್ 1973ರಲ್ಲೇ ಹೇಳಿತು. 2010ರಲ್ಲಿ ಅದರ ಮುಂದೆ ಬಂದ ಒಂದು ಪ್ರಕರಣದಲ್ಲಿ ಗಂಡಹೆಂಡಿರು ಒಪ್ಪಿಗೆಯಿಂದಲೇ ಬೇರೆಯಾಗಿದ್ದರು, ಮಗುವಿನ ಭೇಟಿಯ ಬಗ್ಗೆಯೂ ಒಪ್ಪಂದವಿತ್ತು. ಆಮೇಲೆ ತಾಯಿ ಮಗುವಿನೊಂದಿಗೆ ಆಸ್ಟ್ರೇಲಿಯಾಕ್ಕೆ ಹೋಗಬೇಕೆಂದಳು. ಒಪ್ಪಂದ ಆಗಿಹೋಗಿದೆ, ಇನ್ನು ತಿದ್ದುವಂತಿಲ್ಲ ಎಂಬ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಇಂಥ ಆದೇಶಗಳು ಸ್ವಭಾವದಿಂದಲೇ ಮಧ್ಯಂತರದವು, ಮಗುವಿನ ಅಗತ್ಯ ಬದಲಾದಂತೆ ಅವೂ ಬದಲಾಗಬಹುದು ಎಂದಿತು.

ಇದು ಹೇಗೆ ನಡೆಯುತ್ತದೆ ಎನ್ನುವುದಕ್ಕೆ ದೂರ ಹೋಗಬೇಕಿಲ್ಲ. ನಾನು ಇರುವ ಮಾಚೇನಹಳ್ಳಿ ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವಿನ ಊರು. ಡೇರಿ, ಕೈಗಾರಿಕಾ ಪ್ರದೇಶ, ಪಾಳಿ ಮುಗಿಸಿ ಬಸ್ಸಿಗೆ ಕಾಯುವ ಜನ ಇಲ್ಲಿಯ ದಿನಚರಿ. ಹೀಗೊಂದು ಸಂಸಾರವನ್ನು ಊಹಿಸಿಕೊಳ್ಳಿ. ಬೇರೆಯಾದ ಗಂಡ ಭದ್ರಾವತಿಯಲ್ಲಿ, ಹೆಂಡತಿ ಶಿವಮೊಗ್ಗದಲ್ಲಿ. ಮಗಳು ತಾಯಿಯ ಬಳಿ, ಭಾನುವಾರ ಮಾತ್ರ ತಂದೆಯ ಬಳಿ ಎಂದು ಆದೇಶ. ಮಗಳಿಗೆ ಐದು ವರ್ಷವಿದ್ದಾಗ ಅದು ಸರಿಹೋಗಿತ್ತು. ಈಗ ಅವಳಿಗೆ ಹನ್ನೊಂದು. ತಾಯಿಗೆ ಮಾಚೇನಹಳ್ಳಿಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ, ಮನೆ ಸೇರುವಾಗ ರಾತ್ರಿ. ತಂದೆಗೆ ವಾರದ ರಜೆ ಭಾನುವಾರದಿಂದ ಬುಧವಾರಕ್ಕೆ ಹೋಗಿದೆ. ಮಗಳಿಗೆ ಭಾನುವಾರ ಟ್ಯೂಷನ್. ಯಾರೂ ಕೆಟ್ಟವರಾಗಿಲ್ಲ, ಯಾರೂ ಮಾತಿಗೆ ತಪ್ಪಿಲ್ಲ. ಆದೇಶವಷ್ಟೇ ಹಳೆಯದಾಗಿದೆ, ಕಳೆದ ವರ್ಷದ ಯೂನಿಫಾರಂ ಗಿಡ್ಡವಾಗುವಂತೆ. ಪರಿಸ್ಥಿತಿ ಬದಲಾಗಿದೆಯೆಂದು ತೋರಿಸಿ ಹೊಸ ಆದೇಶ ಕೇಳಲು ಕಾನೂನಿನಲ್ಲಿ ಜಾಗವಿರುವುದು ಇದಕ್ಕೇ.

ಈ ಊಹೆಯ ಸಂಸಾರದಲ್ಲಿ ಕಥೆಯಿದೆಯೇ? ಖಂಡಿತ ಇದೆ. ಆದರೆ ಅದು ‘ವಂಶವೃಕ್ಷ’ದ ಬಗೆಯ ಕಥೆಯಲ್ಲ. ಅಲ್ಲಿ ಎಲ್ಲವನ್ನೂ ತೀರ್ಮಾನಿಸುವ ಒಂದು ಗಳಿಗೆ ಇಲ್ಲ. ಇರುವುದು ಬಸ್‌ಸ್ಟಾಪಿನಲ್ಲಿ ಬ್ಯಾಗು ಬದಲಾಗುವ ನೂರಾರು ಸಂಜೆಗಳು. ಮಗಳು ಒಂದು ಮನೆಯಲ್ಲಿ ಮರೆತುಬಂದ ಪುಸ್ತಕ. ಇನ್ನೊಂದು ಮನೆಯ ವಿಷಯ ಇಲ್ಲಿ ಎಷ್ಟು ಹೇಳಬಹುದು ಎಂದು ಅವಳು ಕಲಿಯುವ ಲೆಕ್ಕ.

ಈ ಲೆಕ್ಕವನ್ನೇ ಕಾದಂಬರಿಯಾಗಿ ಬರೆದವರು ಹೆನ್ರಿ ಜೇಮ್ಸ್. ಅವರ ‘ವಾಟ್ ಮೇಸಿ ನ್ಯೂ’ (1897) ಆರಂಭವಾಗುವುದೇ ಸುಪರ್ದಿನ ಆದೇಶವೊಂದು ಬದಲಾಗುವುದರಿಂದ. ಮಗಳು ಮೇಸಿಯನ್ನು ನ್ಯಾಯಾಲಯ ಮೊದಲು ತಂದೆಗೆ ಒಪ್ಪಿಸುತ್ತದೆ. ಅವನು ಹಿಂದಿರುಗಿಸಬೇಕಾದ ಹಣವನ್ನು ಹೊಂದಿಸಲಾರ. ಕೊನೆಗೆ ರಾಜಿಯಾಗಿ, ಆರು ತಿಂಗಳು ತಂದೆಯ ಬಳಿ, ಆರು ತಿಂಗಳು ತಾಯಿಯ ಬಳಿ ಎಂದು ಹುಡುಗಿಯನ್ನು ಹಂಚಿಕೊಳ್ಳುತ್ತಾರೆ. ಇಬ್ಬರಿಗೂ ಅವಳು ಬೇಕಾದದ್ದು ಇನ್ನೊಬ್ಬರಿಗೆ ಬೈಗುಳ ತಲುಪಿಸಲು. ಮೊದಮೊದಲು ಸರದಿ ಮುಗಿದರೂ ಬಿಟ್ಟುಕೊಡದೆ ಹಟ ಮಾಡುತ್ತಾರೆ. ಆಮೇಲೆ ಇಬ್ಬರೂ ಬೇರೆ ಮದುವೆಯಾಗಿ, ಸರದಿ ಬಂದರೂ ಕರೆದುಕೊಂಡು ಹೋಗದೆ ಪೀಡಿಸುತ್ತಾರೆ. ಕೇಳಿದ್ದನ್ನು ಮರೆತಂತೆ, ಏನೂ ತಿಳಿಯದ ದಡ್ಡಿಯಂತೆ ನಟಿಸುವುದನ್ನು ಮೇಸಿ ಕಲಿಯುತ್ತಾಳೆ. ಅವಳು ಬದುಕಿ ಉಳಿಯುವುದು ಆ ಮೌನದಿಂದ.

ವಿಚ್ಛೇದನದ ಮಗುವಿನ ಬಗ್ಗೆ ಕನಿಕರ ಹುಟ್ಟಿಸುವುದು ಜೇಮ್ಸ್‌ರ ಗುರಿಯಲ್ಲ. ಅವರು ಕಥೆಯನ್ನು ಹುಡುಗಿಯ ಕಣ್ಣಿನ ಎತ್ತರದಲ್ಲಿ ಇಡುತ್ತಾರೆ. ದೊಡ್ಡವರು ಬಾಗಿಲು ತೆರೆದು ಬರುತ್ತಾರೆ, ಹೋಗುತ್ತಾರೆ, ಹೊಸ ಹೆಸರು ಪಡೆಯುತ್ತಾರೆ, ನೋಡುತ್ತಿರುವವಳು ಮೇಸಿ. ‘ವಂಶವೃಕ್ಷ’ದಲ್ಲಿ ನೋಡುವವರು ಶ್ರೋತ್ರಿಗಳು, ಕಾತ್ಯಾಯನಿ, ರಾಜ. ತಾಯಿ ಬಿಟ್ಟುಹೋದ ಮರುದಿನ ಬೆಳಿಗ್ಗೆ ಆ ಹುಡುಗ ಯಾರನ್ನು ಕೇಳಿದ? ಯಾರ ಪಕ್ಕ ಮಲಗಿದ? ಶಾಲೆಯಲ್ಲಿ ನಿನ್ನಮ್ಮ ಎಲ್ಲಿ ಎಂದಾಗ ಏನು ಹೇಳಿದ? ಈ ಪ್ರಶ್ನೆಗಳ ಸುತ್ತ ಒಂದು ಇಡೀ ಕಾದಂಬರಿ ಇದೆ. ಭೈರಪ್ಪನವರು ಬರೆದದ್ದು ಅದನ್ನಲ್ಲ.

ಕನ್ನಡದ ಕಿವಿಗೆ ಈ ಪ್ರಶ್ನೆಗಳು ಹೊಸವೇನಲ್ಲ. ಗೋವಿನ ಹಾಡಿನ ಪುಣ್ಯಕೋಟಿಯನ್ನು ನೆನೆಯಿರಿ. ಹುಲಿಗೆ ಮಾತು ಕೊಟ್ಟು ಬಂದ ಹಸು ಕರುವನ್ನು ಸುಮ್ಮನೆ ಬಿಟ್ಟು ಹೋಗುವುದಿಲ್ಲ. ಕರು ತನ್ನ ಹಾಲು, ನಿದ್ದೆ, ಆಸರೆಯ ಬಗ್ಗೆ ಕೇಳುತ್ತದೆ. ತಾಯಿ ಅದಕ್ಕೆ ಬುದ್ಧಿ ಹೇಳಿ, ಜೊತೆಯ ಹಸುಗಳನ್ನು ಕರೆದು, ನಿಮ್ಮದೆಂದೇ ನೋಡಿಕೊಳ್ಳಿ ಎಂದು ಒಪ್ಪಿಸುತ್ತಾಳೆ. ಇದನ್ನು ಸತ್ಯದ ಕಥೆಯೆಂದು ಹಾಡುತ್ತ ಬಂದ ನಾವು, ಮಗುವನ್ನು ಇನ್ನೊಬ್ಬರಿಗೆ ಹೇಗೆ ಒಪ್ಪಿಸಬೇಕು ಎಂಬುದರ ಕಥೆಯೂ ಹೌದೆಂದು ಗಮನಿಸುವುದು ಕಡಿಮೆ. ಮಗುವಿನ ಪ್ರಶ್ನೆಯನ್ನು ಮಗುವಿನ ಬಾಯಿಂದಲೇ ಕೇಳಿ, ಅದಕ್ಕೇ ಉತ್ತರ ಹೇಳಿದ ಹಾಡು ನಮ್ಮಲ್ಲಿದೆ. ಕಾತ್ಯಾಯನಿಗೆ ಅಂಥ ಮಾತುಕತೆಯ ಅವಕಾಶ ಕಾದಂಬರಿಯಲ್ಲಿ ಸಿಗುವುದಿಲ್ಲ.

ಜೇಮ್ಸ್‌ರ ಕಾದಂಬರಿಯ ಆರಾರು ತಿಂಗಳ ಹಂಚಿಕೆ ನಮ್ಮ ರಾಜ್ಯದಲ್ಲೂ ಆಗಿದೆ. 2013ರ ಒಂದು ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ ಮಗುವಿನ ಬೆಳವಣಿಗೆಗೆ ತಂದೆತಾಯಿ ಇಬ್ಬರೂ ಬೇಕೆಂದು ಹೇಳಿ, ಪ್ರತಿವರ್ಷ ಜನವರಿ 1ರಿಂದ ಜೂನ್ 30ರವರೆಗೆ ತಂದೆಯ ಬಳಿ, ಜುಲೈ 1ರಿಂದ ಡಿಸೆಂಬರ್ 31ರವರೆಗೆ ತಾಯಿಯ ಬಳಿ ಮಗು ಇರಬೇಕೆಂದು ಆದೇಶಿಸಿತು. ಒಬ್ಬರ ಬಳಿ ಇರುವಾಗ ಶನಿವಾರ ಭಾನುವಾರ ಇನ್ನೊಬ್ಬರು ಭೇಟಿಯಾಗಬಹುದು, ಫೋನು ಇಲ್ಲವೇ ವಿಡಿಯೊದಲ್ಲಿ ಮಾತಾಡಬಹುದು, ಓದಿನ ಖರ್ಚು ಇಬ್ಬರದೂ ಸಮಪಾಲು ಎಂದಿತು. ರಾಷ್ಟ್ರೀಯ ಕಾನೂನು ಆಯೋಗ 2015ರ ತನ್ನ 257ನೆಯ ವರದಿಯಲ್ಲಿ ಇಬ್ಬರೂ ಕೂಡಿ ಪಾಲಿಸುವ ಕ್ರಮವನ್ನು ಚರ್ಚಿಸುವಾಗ ಈ ಆದೇಶವನ್ನೂ ನೋಡಿತು.

ಮೇಸಿಯ ಕಥೆ ಓದಿದವರಿಗೆ ಇಂಥ ಹಂಚಿಕೆಯ ಬಗ್ಗೆ ಅನುಮಾನ ಬರುವುದು ಸಹಜ. ಅಂಕಗಣಿತ ಎರಡೂ ಕಡೆ ಒಂದೇ. ವ್ಯತ್ಯಾಸ ಇರುವುದು ಶನಿವಾರ ಭಾನುವಾರಗಳಲ್ಲಿ ಮತ್ತು ಫೋನಿನಲ್ಲಿ. ಮೇಸಿ ಒಂದು ಮನೆಯಲ್ಲಿರುವಾಗ ಇನ್ನೊಂದು ಮನೆ ಇಲ್ಲವಾಗಿಬಿಡುತ್ತದೆ. ಹೈಕೋರ್ಟಿನ ಆದೇಶದಲ್ಲಿ ಇನ್ನೊಂದು ಮನೆ ವಾರಕ್ಕೊಮ್ಮೆಯಾದರೂ ಬಾಗಿಲು ತಟ್ಟುತ್ತದೆ. ಆ ಬಾಗಿಲನ್ನು ಪ್ರೀತಿಯಿಂದ ತೆರೆಯುತ್ತಾರೋ, ಗಡಿಯಾರ ನೋಡುತ್ತ ತೆರೆಯುತ್ತಾರೋ ಎಂಬುದು ಆದೇಶದಲ್ಲಿ ಬರೆಯಲಾಗದ ಮಾತು. ಅದನ್ನು ಬರೆಯಬೇಕಾದವರು ಕಥೆಗಾರರು.

ಬದಲಾವಣೆಯ ಅವಕಾಶ ಇದ್ದಷ್ಟೂ ಒಳ್ಳೆಯದು ಎಂದೇನೂ ಅಲ್ಲ. ಪ್ರತಿವರ್ಷ ಹೊಸ ಅರ್ಜಿ, ಹೊಸ ವಕಾಲತ್ತು, ಮತ್ತೆ ಕೋರ್ಟಿನ ಕಾರಿಡಾರು ಎಂದಾದರೆ ಮಗುವಿಗೆ ನೆಲೆಯೇ ಇರುವುದಿಲ್ಲ. ಆದ್ದರಿಂದಲೇ ನ್ಯಾಯಾಲಯಗಳು ಬದಲಾಯಿಸಿ ಎಂದವರಿಂದ ಕಾರಣ ಕೇಳುತ್ತವೆ. ಮಗು ತಕ್ಕಷ್ಟು ದೊಡ್ಡದಾಗಿದ್ದರೆ ಅದರ ಇಷ್ಟವನ್ನು ಪರಿಗಣಿಸಬಹುದೆಂದು 1890ರ ಪಾಲಕರ ಕಾಯ್ದೆಯಲ್ಲೇ ಇದೆ. ಎಷ್ಟು ವಯಸ್ಸು ಎಂಬ ಅಂಕಿಯನ್ನು ಅದು ಬರೆದಿಲ್ಲ. ಆದರೆ ಕೇಳುವುದರಲ್ಲೂ ಹಿಂಸೆಯಿದೆ. ಇರಾನಿನ ಅಸ್ಘರ್ ಫರ್ಹಾದಿ ನಿರ್ದೇಶಿಸಿದ ‘ಎ ಸೆಪರೇಷನ್’ (2011) ಚಿತ್ರದ ಕೊನೆಯಲ್ಲಿ ಹನ್ನೊಂದರ ಹುಡುಗಿ ತೆರ್ಮೆಯನ್ನು ನ್ಯಾಯಾಧೀಶರು ಯಾರ ಜೊತೆ ಇರುತ್ತೀಯ ಎಂದು ಕೇಳುತ್ತಾರೆ. ತೀರ್ಮಾನಿಸಿದ್ದೇನೆ ಎನ್ನುತ್ತಾಳೆ. ತಂದೆತಾಯಿ ಹೊರಗೆ ಹೋಗಿ ಕಾರಿಡಾರಿನಲ್ಲಿ ಕಾಯುತ್ತಾರೆ. ಅವಳ ಉತ್ತರ ನಮಗೆ ಕೇಳಿಸುವುದೇ ಇಲ್ಲ. ಉತ್ತರ ತಿಳಿಯದೆ ನಮಗಾಗುವ ಕಸಿವಿಸಿಯಲ್ಲೇ, ಯಾರಾದರೊಬ್ಬರು ಗೆಲ್ಲಲಿ ಎಂದು ನಾವೂ ಕಾದಿದ್ದೆವು ಎಂಬುದು ಗೊತ್ತಾಗುತ್ತದೆ.

‘ವಂಶವೃಕ್ಷ’ದ ಹುಡುಗನನ್ನು ಯಾರೂ ಕೇಳಲಿಲ್ಲ. ಕೇಳುವ ವಯಸ್ಸೂ ಆಗ ಅವನದಾಗಿರಲಿಲ್ಲ. ಎಂಟು ವರ್ಷವಾದಾಗ, ಹನ್ನೆರಡಾದಾಗ ಕೇಳಬಹುದಿತ್ತು. ಯಾರೂ ಕೇಳದ ಪ್ರಶ್ನೆಗೆ ಅವನು ದೊಡ್ಡವನಾದ ಮೇಲೆ ತಾನಾಗಿಯೇ ಉತ್ತರ ಕೊಡುತ್ತಾನೆ. ಓದಲು ಮೈಸೂರಿಗೆ ಬಂದ ಮಗ ಎದುರಿಗೆ ಸಿಕ್ಕ ತಾಯಿಯನ್ನು ತಾಯಿಯೆಂದು ಒಪ್ಪುವುದಿಲ್ಲ. ಈ ಭಾಗವನ್ನು ಕಾತ್ಯಾಯನಿಗೆ ಬಂದ ಶಿಕ್ಷೆಯೆಂದು, ಕಾದಂಬರಿಕಾರರೇ ಅವಳನ್ನು ದಂಡಿಸಿದರೆಂದು ಓದುವವರಿದ್ದಾರೆ. ಮಗನ ಕಡೆಯಿಂದ ನೋಡಿದರೆ ಅದು ಶಿಕ್ಷೆಗಿಂತ ಬರಿಯ ಅಪರಿಚಯ. ನೂರು ಭಾನುವಾರಗಳು ಕಟ್ಟಬೇಕಿದ್ದ ಪರಿಚಯವನ್ನು ಒಂದು ಭೇಟಿ ಕಟ್ಟಲಾರದು. ಕರುಳಿನ ಕರೆ ತಾನಾಗಿಯೇ ಕೇಳಿಸುತ್ತದೆ ಎಂದು ನಮ್ಮ ಸಿನಿಮಾಗಳು ಎಷ್ಟೇ ಹೇಳಲಿ, ಈ ಕಾದಂಬರಿ ಆ ಸುಳ್ಳನ್ನು ಹೇಳುವುದಿಲ್ಲ. ಅದರ ದೊಡ್ಡತನ ಇಲ್ಲಿದೆ.

ಕೊನೆಯಲ್ಲಿ ಶ್ರೋತ್ರಿಗಳಿಗೆ ತಮ್ಮ ಹುಟ್ಟಿನ ಸತ್ಯ ತಿಳಿಯುತ್ತದೆ. ಯಾವ ವಂಶದ ಹೆಸರಿನಲ್ಲಿ ಮೊಮ್ಮಗನನ್ನು ಉಳಿಸಿಕೊಂಡಿದ್ದರೋ ಆ ವಂಶದ ರಕ್ತ ತಮ್ಮಲ್ಲೇ ಇರಲಿಲ್ಲ. ಅವರು ಕಾತ್ಯಾಯನಿಯ ಮನೆಗೆ ಬರುವ ಹೊತ್ತಿಗೆ ಅವಳು ಸಾವಿನ ದಡದಲ್ಲಿದ್ದಾಳೆ. ಇದನ್ನು ವಿಧಿಯ ವ್ಯಂಗ್ಯವೆಂದು ಓದುವುದು ರೂಢಿ. ಸುಪರ್ದಿನ ಕಥೆಯಾಗಿ ಓದಿದರೆ ಅದಕ್ಕೆ ಇನ್ನೂ ನೇರವಾದ ಅರ್ಥವಿದೆ. ಅಂದಿನ ತೀರ್ಮಾನ ಯಾವ ಆಧಾರದ ಮೇಲೆ ನಿಂತಿತ್ತೋ ಆ ಆಧಾರವೇ ಕುಸಿದಿದೆ. ಕಾನೂನು ಕೇಳುವ ಪರಿಸ್ಥಿತಿಯ ಬದಲಾವಣೆ ಇದಕ್ಕಿಂತ ದೊಡ್ಡದಿರಲಾರದು. ಆದರೆ ಆದೇಶ ತಿದ್ದಲು ಹೊರಟಾಗ ಮಗ ಬೆಳೆದುಬಿಟ್ಟಿದ್ದಾನೆ, ಅಮ್ಮ ಹೊರಟುನಿಂತಿದ್ದಾಳೆ.

ಹೀಗೆ ಓದಿದಾಗ ತಪ್ಪಿನ ಹಂಚಿಕೆ ಬದಲಾಗುತ್ತದೆ. ಮಗುವನ್ನು ಬಿಟ್ಟುಹೋದವಳು ಎಂಬ ಮಾತನ್ನು ನಮ್ಮ ಊರುಗಳಲ್ಲಿ ಇಂದಿಗೂ ಹೆಂಗಸರ ಬೆನ್ನಹಿಂದೆ ಆಡುತ್ತಾರೆ. ಗಂಡಸರ ಬಗ್ಗೆ ಅದೇ ಮಾತನ್ನು ಅಷ್ಟು ಸುಲಭವಾಗಿ ಆಡುವುದಿಲ್ಲ. ಕಾತ್ಯಾಯನಿಯ ಬಗ್ಗೆ ತರಗತಿಯ ಚರ್ಚೆಗಳಲ್ಲೂ ಆ ಮಾತು ಬೇರೆ ಬಟ್ಟೆ ತೊಟ್ಟು ಬರುತ್ತದೆ. ಅವಳು ಮಗನನ್ನು ಬಿಟ್ಟಳು ಎನ್ನುವುದಕ್ಕಿಂತ, ಬಿಡುವುದು ಮತ್ತು ಕರೆದೊಯ್ಯುವುದು ಎರಡರ ಹೊರತು ಮೂರನೆಯ ಆಯ್ಕೆಯನ್ನು ಅವಳ ಲೋಕ ಅವಳಿಗೆ ಕೊಡಲಿಲ್ಲ ಎನ್ನುವುದು ಕಾದಂಬರಿಗೆ ಹೆಚ್ಚು ನಿಷ್ಠವಾದ ಓದು. ಶ್ರೋತ್ರಿಗಳನ್ನೂ ಆಗ ಖಳನನ್ನಾಗಿಯೋ ಋಷಿಯನ್ನಾಗಿಯೋ ಮಾಡಬೇಕಾಗುವುದಿಲ್ಲ.

ಇಂದು ಆ ಮೂರನೆಯ ಆಯ್ಕೆ ಕಾಗದದ ಮೇಲಾದರೂ ಇದೆ. ಶಿವಮೊಗ್ಗ ಭದ್ರಾವತಿಗಳ ನಡುವೆ ಓಡಾಡುವ ಬಸ್ಸುಗಳಲ್ಲಿ ಶನಿವಾರ ಸಂಜೆ ಶಾಲೆಯ ಬ್ಯಾಗಿನ ಜೊತೆ ಬಟ್ಟೆಯ ಬ್ಯಾಗನ್ನೂ ಹಿಡಿದು ಕೂತ ಮಗು ಎಲ್ಲಿಗೆ ಹೋಗುತ್ತಿದೆ ಎಂದು ನಾವು ಯೋಚಿಸುವುದು ಕಡಿಮೆ. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತಿರಬಹುದು. ಅದರ ಕಿಸೆಯಲ್ಲಿ ಎರಡು ಮನೆಯ ಬೀಗದ ಕೈಗಳೂ ಇರಬಹುದು. ‘ವಂಶವೃಕ್ಷ’ ಬರೆಯದೆ ಬಿಟ್ಟ ವರ್ಷಗಳು ಆ ಮಗುವಿನ ವಾರಗಳಲ್ಲಿವೆ. ಕನ್ನಡದಲ್ಲಿ ಅವನ್ನು ಬರೆಯುವವರು ಕಾತ್ಯಾಯನಿಯ ಕಣ್ಣೀರಿನಿಂದ ಶುರುಮಾಡುವುದಕ್ಕಿಂತ, ಬಸ್ಸು ಇಳಿಯುವಾಗ ಆ ಮಗು ಕಿಟಕಿಯಿಂದ ಯಾರನ್ನು ಹುಡುಕಿತು ಎಂಬುದರಿಂದ ಶುರುಮಾಡಲಿ.